ಟವಲಿನ ಕೆಳಗಿನ ಕೈ

ಪಾಪಮ್ಮ ಕಾಫಿಯ ಲೋಟವನ್ನು ಗಂಡನ ಎಡಗಡೆಗೆ ಇಟ್ಟು ಒಳಗೆ ಹೋದಳು. ಮೂವತ್ತೈದು ವರ್ಷ ಬಲಗಡೆಗೇ ಇಡುತ್ತಿದ್ದವಳು ಗೌರಿ ಹಬ್ಬ ಕಳೆದ ಮೇಲೆ ಎಡಗಡೆಗೆ ಇಡತೊಡಗಿದ್ದಳು. ಯಾಕೆಂದು ನಂಜುಂಡಪ್ಪ ಕೇಳಿರಲಿಲ್ಲ. ಅವಳೂ ಹೇಳಿರಲಿಲ್ಲ. ಹಬ್ಬದ ದಿನ ಅವನು ಒಲೆಯಿಂದ ಇಳಿಸಿದ ಪಾಯಸದ ಪಾತ್ರೆಯನ್ನು ಬಟ್ಟೆಯಿಲ್ಲದೆ ಬಲಗೈಯಲ್ಲಿ ಹಿಡಿದು ನಡುಮನೆಯವರೆಗೆ ತಂದಿದ್ದ. ಕೆಳಗಿಟ್ಟ ಮೇಲೆ ಬೆರಳ ತುದಿಗಳಲ್ಲಿ ಬೊಬ್ಬೆ ಎದ್ದಿದ್ದನ್ನು ಮೊದಲು ನೋಡಿದವಳು ಅವಳೇ. ಅವನಿಗೆ ಸುಟ್ಟಿದ್ದು ಗೊತ್ತಾಗಿರಲೇ ಇಲ್ಲ.

ಬಲಗೈಯ ಐದು ಬೆರಳೂ ಅಂಗೈಯೂ ಸತ್ತು ಹೋಗಿದ್ದವು. ಬೆರಳು ಮಡಿಸಬಹುದಿತ್ತು, ವಸ್ತು ಹಿಡಿಯಬಹುದಿತ್ತು. ಆದರೆ ಹಿಡಿದದ್ದು ಬಿಸಿಯೋ ತಣ್ಣಗೋ, ಬಟ್ಟೆಯೋ ಕಬ್ಬಿಣವೋ ಕಣ್ಣಿಂದ ನೋಡಿಯೇ ತಿಳಿಯಬೇಕಿತ್ತು. ಮಣಿಕಟ್ಟಿನಿಂದ ಮೇಲಕ್ಕೆ ಎಲ್ಲ ಸರಿಯಾಗಿತ್ತು. ಮೊಣಕೈಯ ಕೆಳಗೆ ಮಾತ್ರ ರೂಪಾಯಿಯಗಲದ ಒಂದು ಮಾಸಲು ಮಚ್ಚೆ. ಅದಕ್ಕಾಗಿ ನಂಜುಂಡಪ್ಪ ತುಂಬು ತೋಳಿನ ಅಂಗಿ ಹಾಕತೊಡಗಿದ್ದ. ಅದು ಏನೆಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಕುಷ್ಠ ಹಿಡಿದವರನ್ನು ಅವನು ಸಂತೆಯ ಬಾಗಿಲಲ್ಲಿ ಚಿಕ್ಕಂದಿನಿಂದ ಕಂಡಿದ್ದ. ಅವರಿಗೆ ಕಾಸು ಹಾಕುವಾಗ ಜನ ಎಷ್ಟು ದೂರ ನಿಲ್ಲುತ್ತಾರೆ ಎಂಬುದನ್ನೂ ಕಂಡಿದ್ದ. ಮಗಳು ಮುನಿಲಕ್ಷ್ಮಿಗೆ ಗಂಡು ನೋಡುತ್ತಿದ್ದ ವರ್ಷ ಅದು. ಸುದ್ದಿ ಹೊರಗೆ ಬಿದ್ದರೆ ಕೆಂಗೇರಿಯಲ್ಲಿ ಆ ಮನೆಯ ನೀರನ್ನೂ ಯಾರೂ ಮುಟ್ಟುವುದಿಲ್ಲ. ಹಾಗಾಗಿ ಅವನು ಅದನ್ನು ಯೋಚಿಸುವುದನ್ನೇ ಬಿಟ್ಟಿದ್ದ. ಯೋಚನೆ ಬಂದ ಕಡೆಯಲ್ಲೆಲ್ಲ ಮನಸ್ಸೂ ಅಂಗೈಯಂತೆಯೇ ಆಗಿತ್ತು, ಮುಟ್ಟಿದರೆ ಏನೂ ತಿಳಿಯುತ್ತಿರಲಿಲ್ಲ.

ಕಷ್ಟವೆಂದರೆ ಅವನ ಬದುಕು ನಡೆಯುತ್ತಿದ್ದದ್ದು ಆ ಬೆರಳುಗಳಿಂದಲೇ. ನಂಜುಂಡಪ್ಪ ಬೆಲ್ಲದ ದಲ್ಲಾಳಿ. ರೈತರು ಗಾಡಿಯಲ್ಲಿ ತಂದ ಬೆಲ್ಲವನ್ನು ಮಂಡಿಯಲ್ಲಿ ಇಳಿಸಿಕೊಂಡು ಕೊಳ್ಳುವವರನ್ನು ಕರೆಯುತ್ತಿದ್ದ. ಆಗಿನ ಪದ್ಧತಿಯಲ್ಲಿ ಬೆಲೆಯನ್ನು ಬಾಯಲ್ಲಿ ಆಡುತ್ತಿರಲಿಲ್ಲ. ದಲ್ಲಾಳಿ ಹೆಗಲ ಟವಲನ್ನು ಬಲಗೈಯ ಮೇಲೆ ಹರಡಿಕೊಂಡು ನಿಲ್ಲುತ್ತಿದ್ದ. ಕೊಳ್ಳುವವರು ಒಬ್ಬೊಬ್ಬರಾಗಿ ಬಂದು ಟವಲಿನ ಕೆಳಗೆ ಕೈ ತೂರಿಸಿ ಅವನ ಬೆರಳು ಹಿಡಿಯುತ್ತಿದ್ದರು. ಎರಡು ಬೆರಳು ಹಿಡಿದರೆ ಮಣಕ್ಕೆ ಹತ್ತು ರೂಪಾಯಿಯ ಮೇಲೆ ಎರಡು, ಮೂರು ಹಿಡಿದರೆ ಮೂರು, ಇಡೀ ಕೈ ಹಿಡಿದರೆ ಐದು. ಯಾರು ಎಷ್ಟು ಹಿಡಿದರೆಂದು ದಲ್ಲಾಳಿಗೆ ಮಾತ್ರ ಗೊತ್ತು. ಎಲ್ಲರದೂ ಮುಗಿದ ಮೇಲೆ ಹೆಚ್ಚು ಹಿಡಿದವನ ಹೆಸರನ್ನೂ ಬೆಲೆಯನ್ನೂ ಅವನು ಹೇಳಬೇಕು. ಎಡಗೈ ಚಾಚುವಂತಿಲ್ಲ, ಅದು ಕೊಳ್ಳುವವನಿಗೆ ಅವಮಾನ. ಮೂವತ್ತು ವರ್ಷದಲ್ಲಿ ನಂಜುಂಡಪ್ಪನ ಕೈ ತಪ್ಪಿದ್ದಿಲ್ಲ ಎಂದು ಕೆಂಗೇರಿಯಿಂದ ಮಾಗಡಿಯವರೆಗೆ ಹೆಸರಾಗಿತ್ತು.

ಆ ಹೆಸರೇ ಈಗ ಅವನನ್ನು ರಾಜಾಜಿನಗರಕ್ಕೆ ಕರೆಸಿತ್ತು.

ರಾಜ್ಯ ಒಂದಾಗಿ ವರ್ಷ ದಾಟಿದ ಸಮಯ. ಮಾರುಕಟ್ಟೆ ಇಲಾಖೆಯವರು ಎಲ್ಲ ಜಿಲ್ಲೆಗಳ ಮಾರುಕಟ್ಟೆ ಅಧಿಕಾರಿಗಳನ್ನೂ ವರ್ತಕರನ್ನೂ ಸೇರಿಸಿ ಎರಡು ದಿನದ ಸಮ್ಮೇಳನ ಇಟ್ಟುಕೊಂಡಿದ್ದರು. ಟವಲಿನ ವ್ಯಾಪಾರ ನಿಲ್ಲಿಸಿ ಎಲ್ಲ ಕಡೆಯೂ ಕೂಗಿ ಹರಾಜು ಹಾಕುವ ಕಾನೂನು ತರಬೇಕೋ ಬೇಡವೋ ಎಂಬುದು ಮುಖ್ಯ ವಿಷಯ. ಟವಲಿನ ವ್ಯಾಪಾರ ಹೇಗೆ ನಡೆಯುತ್ತದೆಂದು ಹಲವು ಅಧಿಕಾರಿಗಳು ಕಣ್ಣಾರೆ ಕಂಡಿರಲಿಲ್ಲ. ಅದನ್ನು ವೇದಿಕೆಯ ಮೇಲೆ ಮಾಡಿ ತೋರಿಸಲು ನಂಜುಂಡಪ್ಪನಿಗೆ ಕಾಗದ ಬಂದಿತ್ತು. ಆಗುವುದಿಲ್ಲ ಎಂದರೆ ಯಾಕೆ ಎಂದು ಹೇಳಬೇಕಾಗುತ್ತಿತ್ತು. ಆಗಲಿ ಎಂದು ಬರೆಸಿ ಕಳಿಸಿದ್ದ.

"ಆಮೇಲಿನ ಬಸ್ಸಿಗೆ ಹನುಮಯ್ಯನೋರೂ ಓಗ್ತಾರಂತೆ," ಎಂದಳು ಪಾಪಮ್ಮ, ಅಂಗಿಯ ತೋಳಿನ ಗುಂಡಿ ಹಾಕುತ್ತ. ಗುಂಡಿ ಹಾಕುವುದನ್ನೂ ಅವಳು ಹಬ್ಬ ಕಳೆದ ಮೇಲೆಯೇ ಶುರು ಮಾಡಿದ್ದು.

"ಓಗ್ಲಿ. ಅವನ ಜೊತೆ ನಾನ್ಯಾಕೆ ಓಗ್ಲಿ?"

ಹನುಮಯ್ಯ ಅದೇ ಊರಿನ ಬೆಲ್ಲದ ವರ್ತಕ, ಮಂಡಿಯಲ್ಲಿ ಎಲ್ಲರಿಗಿಂತ ಹೆಚ್ಚು ಕೊಳ್ಳುವವನು. ಹಿಂದೊಮ್ಮೆ ತೂಕದ ವಿಷಯಕ್ಕೆ ಇಬ್ಬರಿಗೂ ಮಾತು ಬೆಳೆದು, ಅಂದಿನಿಂದ ವ್ಯಾಪಾರದ ಹೊರಗೆ ಮಾತು ಅಷ್ಟಕ್ಕಷ್ಟೇ. ಎದುರು ಸಿಕ್ಕರೆ ಚುಚ್ಚದೆ ಬಿಡುವವನಲ್ಲ. ಇತ್ತೀಚೆಗೆ ಅವನಿಗೊಂದು ಹೊಸ ಚಟ ಅಂಟಿತ್ತು. ಟವಲಿನ ಕೆಳಗೆ ಬೆರಳು ಹಿಡಿದಾದ ಮೇಲೆ ಕೈ ಹೊರಗೆ ತೆಗೆಯುವ ಮುಂಚೆ ನಂಜುಂಡಪ್ಪನ ಮಣಿಕಟ್ಟಿನ ಮೇಲೆ ಬೆರಳಿನಿಂದ ತಟ್ಟುತ್ತಿದ್ದ, ಎಷ್ಟು ಬೆರಳೋ ಅಷ್ಟು ಸಲ. ವಯಸ್ಸಾಯಿತು, ಹಿಡಿದದ್ದನ್ನು ತಾನೇ ಮರೆಯದಿರಲೆಂದು ಹೀಗೆ ಮಾಡುತ್ತಾನೆ ಎಂದುಕೊಂಡಿದ್ದ ನಂಜುಂಡಪ್ಪ. ಅವನ ಪಾಲಿಗೆ ಅದು ಪುಣ್ಯವೇ ಆಗಿತ್ತು. ಉಳಿದ ಕೊಳ್ಳುವವರನ್ನು ಅವನು ಮುಖ ನೋಡಿ, ಭುಜ ನೋಡಿ, ಹಿಂದಿನ ವಾರದ ಬೆಲೆ ನೋಡಿ ಅಂದಾಜು ಮಾಡುತ್ತಿದ್ದ. ಹನುಮಯ್ಯನದೊಂದು ಖಚಿತವಾಗಿ ಗೊತ್ತಾಗುತ್ತಿದ್ದುದರಿಂದ ನಾಲ್ಕು ತಿಂಗಳು ಹೇಗೋ ದಾಟಿತ್ತು.

ಸಿಟಿ ಮಾರ್ಕೆಟ್ಟಿನಲ್ಲಿ ಬಸ್ಸು ಬದಲಾಯಿಸಿದ. ಎರಡನೆಯ ಬಸ್ಸು ಮಾಗಡಿ ರಸ್ತೆಯಲ್ಲಿ ಹೋಯಿತು. ಅಲ್ಲಿ ಆ ರೋಗದವರ ಆಸ್ಪತ್ರೆ ಇದೆ. ಗೇಟಿನ ಹತ್ತಿರ ಬಂದಾಗ ಅವನು ಎದುರುಗಡೆಯ ಸೌದೆ ಡಿಪೋ ನೋಡುತ್ತ ಕುಳಿತ. ಸೌದೆಯನ್ನು ಸಾಲಾಗಿ ಪೇರಿಸಿದ್ದರು. ಒಂದು ನಾಯಿ ಅದರ ಮೇಲೆ ಮಲಗಿತ್ತು. ಬಸ್ಸು ಮುಂದೆ ಹೋಯಿತು.

ರಾಜಾಜಿನಗರ ಆಗಿನ್ನೂ ಪೂರ್ತಿ ಊರಾಗಿರಲಿಲ್ಲ. ಅಳೆದು ಕಲ್ಲು ನೆಟ್ಟ ಸೈಟುಗಳು, ನಡುನಡುವೆ ಒಂದೊಂದು ಹೊಸ ಮನೆ, ದೂರದಲ್ಲಿ ಕಾರ್ಖಾನೆಯ ಹೊಗೆಗೊಳವೆ. ಹೊಸದಾಗಿ ಕಟ್ಟಿದ ಶಾಲೆಯೊಂದರ ಹಾಲಿನಲ್ಲಿ ಸಮ್ಮೇಳನ. ಬಾಗಿಲಲ್ಲಿ ಕನ್ನಡಕದ ಹುಡುಗಿಯೊಬ್ಬಳು ಮೇಜು ಹಾಕಿಕೊಂಡು ಕೂತು ಬಂದವರ ಹೆಸರು ಬರೆದುಕೊಂಡು ಬ್ಯಾಡ್ಜು ಕೊಡುತ್ತಿದ್ದಳು. ಪ್ರಭಾ ಎಂದು ಹೆಸರು. ಅರ್ಥಶಾಸ್ತ್ರದಲ್ಲಿ ಬಿ.ಎ. ಮಾಡಿ ಇಲಾಖೆಗೆ ಸೇರಿ ಆರು ತಿಂಗಳಾಗಿತ್ತು. ನಂಜುಂಡಪ್ಪ ಪಿನ್ನನ್ನು ಬಲಗೈಯಲ್ಲಿ ಹಿಡಿಯಲು ಹೋಗಿ ಎರಡು ಸಲ ಬೀಳಿಸಿದ. ಅವಳು ಎದ್ದು ಬಂದು ತಾನೇ ಅಂಗಿಗೆ ಚುಚ್ಚಿದಳು.

"ನೀವೇ ಅಲ್ವಾ ತೋರಿಸಿಕೊಡೋರು? ನಾನು ನೋಡಬೇಕು ಅಂತ ಕಾಯ್ತಾ ಇದೀನಿ ಸಾರ್."

ಅವಳ ಕೈ ತನ್ನ ಕೈಗೆ ತಾಗದಂತೆ ಅವನು ಎರಡೂ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಿದ್ದ.

ಬೆಳಿಗ್ಗೆಯೆಲ್ಲ ಭಾಷಣ. ಮಾರುಕಟ್ಟೆ ಅಧಿಕಾರಿ ವೆಂಕಟಗಿರಿಯವರೇ ಸಮ್ಮೇಳನ ನಡೆಸುತ್ತಿದ್ದವರು. ತೆಳ್ಳಗೆ, ಚುರುಕಾಗಿ, ಎಲ್ಲರಿಗೂ ಕುರ್ಚಿ ಸಿಕ್ಕಿತೋ ಇಲ್ಲವೋ ಎಂದು ಭಾಷಣದ ನಡುವೆಯೂ ನೋಡುತ್ತಿದ್ದರು. ತಾನು ಬೆಳೆದ ಬೆಲ್ಲಕ್ಕೆ ಯಾರು ಎಷ್ಟು ಕೊಡುತ್ತೇನೆಂದರು ಎಂಬುದನ್ನು ರೈತ ತನ್ನ ಕಿವಿಯಿಂದ ಕೇಳಬೇಕು, ಬಟ್ಟೆಯ ಕೆಳಗೆ ನಡೆಯುವುದನ್ನು ನಂಬಿಕೊಂಡು ಎಷ್ಟು ದಿನ ಇರುತ್ತಾನೆ ಎಂದು ಕೇಳಿದರು. ಅಧಿಕಾರಿಗಳು ಚಪ್ಪಾಳೆ ತಟ್ಟಿದರು. ವರ್ತಕರು ಸುಮ್ಮನೆ ಕುಳಿತಿದ್ದರು.

ವರ್ತಕರ ಪರವಾಗಿ ಮಾತಾಡಲು ಎದ್ದವನು ಹನುಮಯ್ಯ. ಇದಕ್ಕಾಗಿ ಅವನು ಊರೂರು ತಿರುಗಿ ಇನ್ನೂರು ಸಹಿ ಹಾಕಿಸಿ ತಂದಿದ್ದ.

"ನಾನು ಓದ್ದೋನಲ್ಲ ಸ್ವಾಮಿ," ಎಂದು ಶುರು ಮಾಡಿದ. "ಒಂದು ಮಾತು ಕೇಳ್ತೀನಿ. ಒಬ್ಬ ಬಡವ ಬೆಲ್ಲ ತತ್ತಾನೆ. ಪಾಕ ಕೆಟ್ಟು ಕಪ್ಪಗಾಗೈತೆ. ನೀವು ಸಂತೇಲಿ ನಿಂತು ಹನ್ನೊಂದು, ಹನ್ನೊಂದು ಅಂತ ಕೂಗಿದ್ರೆ ಅವನ ಬೀಗರಿಗೂ ಕೇಳ್ತದೆ. ಟವಲಿನ ಕೆಳಗೆ ಆದ್ರೆ ಅವನಿಗೆ, ದಲ್ಲಾಳಿಗೆ, ಕೊಂಡೋನಿಗೆ, ಮೂರು ಜನಕ್ಕೆ ಗೊತ್ತು. ಮೋಸ ಮಾಡೋನು ಕೂಗಿದ್ರೂ ಮಾಡ್ತಾನೆ. ಟವಲು ಇರೋದು ಮೋಸಕ್ಕಲ್ಲ. ಮನುಷ್ಯನ ಮಾನ ಮುಚ್ಚೋಕೆ."

ಈಗ ವರ್ತಕರು ಚಪ್ಪಾಳೆ ತಟ್ಟಿದರು. ಹುಬ್ಬಳ್ಳಿ ಕಡೆಯಿಂದ ಬಂದಿದ್ದ ರೇವಣಸಿದ್ದಯ್ಯ ಎಂಬ ಹಿರಿಯ ವರ್ತಕರು "ಖರೇ ಅದ ನೋಡ್ರೀ" ಎಂದು ಪಕ್ಕದವರಿಗೆ ಕೇಳುವಂತೆ ಹೇಳಿದರು. ನಂಜುಂಡಪ್ಪನಿಗೆ ಎರಡೂ ಮಾತು ಸರಿಯೆನಿಸಿತು, ಎರಡೂ ದೂರದಿಂದ ಬಂದಂತೆ ಕೇಳಿಸಿತು. ಅವನು ಗೋಡೆಯ ಗಡಿಯಾರ ನೋಡುತ್ತಿದ್ದ. ಮೂರು ಗಂಟೆಗೆ ಅವನ ಸರದಿ.

ಮಧ್ಯಾಹ್ನ ವರಾಂಡದಲ್ಲಿ ಎಲೆ ಹಾಕಿದರು. ಪಕ್ಕದ ಎಲೆಗೆ ಬಂದು ಕುಳಿತವನು ಹನುಮಯ್ಯ. ಬೇರೆ ಜಾಗ ಬೇಕಾದಷ್ಟಿತ್ತು. ಅನ್ನ ಬಂತು, ಹಿಂದೆಯೇ ಹೊಗೆಯಾಡುವ ಸಾರಿನ ಬಕೀಟು ಬಂತು. ಬಡಿಸುವವನು ಸೌಟು ಎತ್ತಿದಾಗ ಹನುಮಯ್ಯ ಕೈ ಅಡ್ಡ ಹಿಡಿದ.

"ಇವನಿಗೆ ಸಾರು ಬ್ಯಾಡ ಕಣಪ್ಪ. ಮಜ್ಜಿಗೆ ತಂದಾಕು. ವಯಸ್ಸಾದೋನು, ಕಾರ ತಡಿಯಲ್ಲ."

ಸಾಲಿನಲ್ಲಿ ಕೂತವರು ನಕ್ಕರು.

"ನಿಂಗಿಂತ ಆರು ತಿಂಗಳು ಚಿಕ್ಕೋನು ಕಣಯ್ಯ ನಾನು," ಎಂದ ನಂಜುಂಡಪ್ಪ.

"ಅದಕ್ಕೇ ಹೇಳಿದ್ದು. ದೊಡ್ಡೋರು ಹೇಳ್ದಂಗೆ ಕೇಳು."

ತಣ್ಣನೆಯ ಮಜ್ಜಿಗೆ ಬಂತು. ನಂಜುಂಡಪ್ಪ ಕಲಸಿ ಉಂಡ. ಸಾರು ಹಾಕಿದ್ದರೆ ಕೈ ಸುಟ್ಟಿದ್ದು ತಿಳಿಯದೆ ಕಲಸಿಬಿಡುತ್ತಿದ್ದ, ಎಲ್ಲರೂ ನೋಡುತ್ತಿದ್ದರು ಎಂಬುದು ಅವನಿಗೆ ಹೊಳೆಯಲಿಲ್ಲ. ನಾಲ್ಕು ಜನರ ಮುಂದೆ ಹಂಗಿಸಿದನಲ್ಲ ಎಂದಷ್ಟೇ ಅನಿಸಿತು. ಅದೂ ಹೆಚ್ಚು ಹೊತ್ತು ಉಳಿಯಲಿಲ್ಲ.

ಮೂರು ಗಂಟೆಗೆ ವೇದಿಕೆಯ ಮೇಲೆ ಒಂದು ಬುಟ್ಟಿ ಬೆಲ್ಲ ತಂದಿಟ್ಟರು. ವೆಂಕಟಗಿರಿಯವರು ಕ್ರಮ ವಿವರಿಸಿದರು. ಮೂರು ಜನ ಕೊಳ್ಳುವವರು. ಪ್ರತಿಯೊಬ್ಬರೂ ತಾವು ಹಿಡಿಯುವ ಬೆಲೆಯನ್ನು ಮೊದಲೇ ಚೀಟಿಯಲ್ಲಿ ಬರೆದು ಮಡಿಸಿ ಮೇಜಿನ ಮೇಲೆ ಇಡಬೇಕು. ದಲ್ಲಾಳಿಯವರು ಮೂವರದೂ ಹೇಳಿದ ಮೇಲೆ ಚೀಟಿ ಬಿಡಿಸಿ ನೋಡುವುದು. "ತಾಳೆಯಾದರೆ ಈ ಪದ್ಧತಿ ನಂಬತಕ್ಕದ್ದು ಅಂತ ನಾನೇ ಒಪ್ಪಿಕೊಳ್ತೀನಿ. ಇನ್ನೊಂದು ವರ್ಷ ಹೀಗೇ ಇರಲಿ ಅಂತ ಶಿಫಾರಸು ಮಾಡೋಣ," ಎಂದು ನಕ್ಕರು. ನಗುತ್ತ ಹೇಳಿದ್ದರೂ ಹಾಲಿನಲ್ಲಿ ಕೂತಿದ್ದ ವರ್ತಕರು ನಿಮಿರಿ ಕುಳಿತರು.

"ಕೊಳ್ಳೋರು ಯಾರ‍್ಯಾರು ಬರ್ತೀರಿ?"

ಎಲ್ಲರಿಗಿಂತ ಮೊದಲು ಎದ್ದವಳು ಪ್ರಭಾ.

ಹಾಲಿನಲ್ಲಿ ಗುಸುಗುಸು ಎದ್ದಿತು. ಟವಲಿನ ಕೆಳಗೆ ಹೆಂಗಸು ಕೈ ಇಟ್ಟದ್ದನ್ನು ಯಾರೂ ಕಂಡಿರಲಿಲ್ಲ. ಅವಳ ಮುಖ ಕೆಂಪಾಯಿತು, ಆದರೂ ನಿಂತೇ ಇದ್ದಳು. "ಸಾರ್, ಕಲಿತುಕೊಂಡ ಹಾಗಾಗುತ್ತೆ. ಅವರು ನಮ್ಮ ತಂದೆ ವಯಸ್ಸಿನವರು," ಎಂದಳು.

ನಂಜುಂಡಪ್ಪ ಅವಳ ಕೈ ನೋಡಿದ. ಬೆರಳುಗಳಿಗೆ ಶಾಯಿ ತಾಗಿತ್ತು. ಮುನಿಲಕ್ಷ್ಮಿಯ ಕೈಯಷ್ಟೇ ಚಿಕ್ಕ ಕೈ. ಮನೆಯಲ್ಲಿ ಮಗಳು ನೀರು ಕೊಡಲು ಬಂದರೂ ಅವನು ಕೆಳಗಿಡು ಎನ್ನುತ್ತಿದ್ದ.

"ಬ್ಯಾಡ," ಎಂದ.

"ಯಾಕೆ ನಂಜುಂಡಪ್ಪನವರೇ?" ಎಂದರು ವೆಂಕಟಗಿರಿ.

"ಬ್ಯಾಡ ಸ್ವಾಮಿ. ಆಗಲ್ಲ."

ಹಿಂದಿನ ಸಾಲಿನಿಂದ ಯಾರೋ, "ಹಳೇ ಕಾಲದೋರು, ಹೆಣ್ಣುಮಕ್ಕಳ ಕೈ ಮುಟ್ಟಲ್ವಂತೆ," ಎಂದರು. ಒಂದಿಬ್ಬರು ನಕ್ಕರು. ಪ್ರಭಾಳ ಮುಖ ಇಳಿಯಿತು.

ಆಗ ಹನುಮಯ್ಯ ಎದ್ದು ಬಂದ. "ಆ ಮಗು ಓದಿರೋ ಮಗು. ಚೀಟಿ ಅದರ ಕೈಲಿರಲಿ, ಯಾರೂ ತಿದ್ದಂಗಾಗಲ್ಲ. ಬೆರಳು ಇಡಿಯೋ ಕೆಲಸ ನಮ್ಮಂತೋರಿಗೆ," ಎಂದ. ಅದು ಎಲ್ಲರಿಗೂ ಸರಿಯೆನಿಸಿತು. ಪ್ರಭಾ ಚೀಟಿಗಳ ಮೇಜಿಗೆ ಹೋದಳು. ಕೊಳ್ಳುವವರಾಗಿ ಹನುಮಯ್ಯ, ವೆಂಕಟಗಿರಿ, ರೇವಣಸಿದ್ದಯ್ಯ ನಿಂತರು.

ನಂಜುಂಡಪ್ಪ ಟವಲನ್ನು ಬಲಗೈಯ ಮೇಲೆ ಹರಡಿಕೊಂಡ.

ಮೊದಲು ಹನುಮಯ್ಯ. ಟವಲು ಅಲುಗಿತು. ಸ್ವಲ್ಪ ಹೊತ್ತಾದ ಮೇಲೆ ಮಣಿಕಟ್ಟಿನ ಮೇಲೆ ಎರಡು ಸಲ ತಟ್ಟಿದ್ದು ತಿಳಿಯಿತು. ಹನ್ನೆರಡು. ಮುಖ ನೋಡಿದರೆ ಹನುಮಯ್ಯ ಚಾವಣಿ ನೋಡುತ್ತಿದ್ದ.

ಎರಡನೆಯವರು ವೆಂಕಟಗಿರಿ. ಅವರಿಗೆ ಅಭ್ಯಾಸವಿಲ್ಲ. ಟವಲಿನ ಕೆಳಗೆ ತಡಕಾಡಿ, ಶಾಲೆಯ ಮಕ್ಕಳ ಹಾಗೆ ತುಟಿಯಲ್ಲಿ ಒಂದು, ಎರಡು, ಮೂರು ಎಂದುಕೊಂಡರು. ಹದಿಮೂರು. ಇಂಥವರೇ ಇದ್ದರೆ ಸಾವಿರ ಜನ ಬಂದರೂ ತಪ್ಪುವುದಿಲ್ಲ.

ಮೂರನೆಯವರು ರೇವಣಸಿದ್ದಯ್ಯ. ನಲವತ್ತು ವರ್ಷ ಇದೇ ಕೆಲಸ ಮಾಡಿದವರು. ಅವರ ಮುಖದಲ್ಲಿ ಏನೂ ಇರಲಿಲ್ಲ. ತುಟಿ ಅಲುಗಲಿಲ್ಲ, ಹುಬ್ಬು ಏರಲಿಲ್ಲ. ನಂಜುಂಡಪ್ಪ ಅವರ ಭುಜ ನೋಡಿದ, ತೋಳು ನೋಡಿದ, ಟವಲಿನ ಉಬ್ಬು ನೋಡಿದ. ಬೆರಳುಗಳಲ್ಲಿ ಏನಾದರೂ ಇದೆಯೇ ಎಂದು ಮನಸ್ಸನ್ನೆಲ್ಲ ಅಲ್ಲಿಗೆ ಕಳಿಸಿ ನೋಡಿದ. ಏನೂ ಇರಲಿಲ್ಲ. ಕೈ ಇದ್ದ ಜಾಗದಲ್ಲಿ ಬಟ್ಟೆ ಇತ್ತು, ಅಷ್ಟೆ. ರೇವಣಸಿದ್ದಯ್ಯನವರು ಕೈ ತೆಗೆಯುವ ಮೊದಲು ಒಂದು ಗಳಿಗೆ ಅವನನ್ನು ನೇರವಾಗಿ ನೋಡಿದರು. ಆಮೇಲೆ ಹಿಂದೆ ಸರಿದರು.

"ಹೇಳಿ," ಎಂದರು ವೆಂಕಟಗಿರಿ.

"ಹನುಮಯ್ಯನದು ಹನ್ನೆರಡು. ತಮ್ಮದು ಹದಿಮೂರು." ನಂಜುಂಡಪ್ಪ ನಿಲ್ಲಿಸಿದ. ಟವಲು ದೊಡ್ಡದಾಗಿ ಉಬ್ಬಿತ್ತು. ಇಡೀ ಕೈ ಹಿಡಿದಿರಬೇಕು. "ಅವರದು ಹದಿನೈದು. ಬೆಲ್ಲ ಅವರಿಗೆ."

ಪ್ರಭಾ ಚೀಟಿ ಬಿಡಿಸಿ ಓದಿದಳು. "ಹನುಮಯ್ಯನವರು, ಹನ್ನೆರಡು. ವೆಂಕಟಗಿರಿ ಸಾರ್, ಹದಿಮೂರು." ಮೂರನೆಯದನ್ನು ಬಿಡಿಸಿ ನೋಡಿದಳು. ಅದನ್ನು ಓದಲು ಅವಳಿಗೆ ಇಷ್ಟವಿದ್ದಂತೆ ಕಾಣಲಿಲ್ಲ. "ರೇವಣಸಿದ್ದಯ್ಯನವರು, ಹದಿನಾಲ್ಕು."

ಹಿಂದಿನ ಸಾಲುಗಳಿಂದ ಮಾತು ಬಂತು. "ಇಲ್ದೇ ಇರೋ ಒಂದು ರೂಪಾಯಿ ಎಲ್ಲಿಂದ ಬಂತು?" ಇನ್ನೊಬ್ಬರು, "ಮೋಸ ಇರಬೇಕು, ಇಲ್ಲ ಕೈಗೆ ಏನೋ ಆಗಿರಬೇಕು," ಎಂದರು. ಸುಮ್ಮನೆ ಬಾಯಿಗೆ ಬಂದದ್ದು ಆಡಿದ್ದರು. ಆದರೆ ಮುಂದಿನ ಸಾಲಿನವರ ಕಣ್ಣೆಲ್ಲ ನಂಜುಂಡಪ್ಪನ ಬಲಗೈಯ ಮೇಲೆ ಹೋಯಿತು. ಅವನು ಟವಲು ತೆಗೆಯಲಿಲ್ಲ. ಮೋಸ ಎಂದೇ ಅನ್ನಲಿ ಎಂದುಕೊಂಡ. ಮೋಸಗಾರನ ಮನೆಯ ಹೆಣ್ಣನ್ನು ಯಾರಾದರೂ ತಂದುಕೊಂಡಾರು. ಬಾಯಿ ತೆರೆದ.

"ಸ್ವಾಮಿ, ನಾನು..."

"ಅವನ ತಪ್ಪಲ್ಲ," ಎಂದ ಹನುಮಯ್ಯ.

ವೇದಿಕೆಯ ನಡುವಿಗೆ ಬಂದು ನಿಂತ. ಅವನ ಕೈಯಲ್ಲಿ ಇನ್ನೂರು ಸಹಿಯ ಕಾಗದ ಇನ್ನೂ ಸುರುಳಿಯಾಗಿತ್ತು.

"ನಮ್ಮ ಕಡೆ ನಾಲ್ಕು ಅಂದ್ರೆ ನಾಲ್ಕೇ ಬೆರಳು, ಹೆಬ್ಬೆಟ್ಟು ಮುಟ್ಟಲ್ಲ. ಹೆಬ್ಬೆಟ್ಟು ಸೇರಿದ್ರೆ ಐದು. ಅವರ ಕಡೆ ನಾಲ್ಕಕ್ಕೂ ಹೆಬ್ಬೆಟ್ಟು ಸೇರಿಸಿ ಇಡೀತಾರೆ. ಅವರು ಇಡಿದಿದ್ದು ನಾಲ್ಕು. ಇವನಿಗೆ ತಿಳಿದಿದ್ದು ಐದು. ಇಬ್ಬರೂ ಸರಿಯೇ. ಅವರ ಕೈಯೇ ಬೇರೆ, ನಮ್ಮ ಕೈಯೇ ಬೇರೆ."

ಎಲ್ಲರೂ ರೇವಣಸಿದ್ದಯ್ಯನವರ ಕಡೆ ತಿರುಗಿದರು. ಹಾಗೆ ಹಿಡಿಯುವ ಊರು ಯಾವುದೂ ಇರಲಿಲ್ಲ. ಅವರು ಹಿಡಿದದ್ದು ನಾಲ್ಕೇ ಬೆರಳು. ಹಿಡಿದಾಗ ಆ ಬೆರಳುಗಳು ಮರದ ತುಂಡಿನಂತೆ ಇದ್ದದ್ದು ಅವರಿಗೆ ತಿಳಿದಿತ್ತು. ಅವರು ಹನುಮಯ್ಯನನ್ನು ನೋಡಿದರು, ಟವಲನ್ನು ನೋಡಿದರು. ಪೇಟವನ್ನು ಒಮ್ಮೆ ಸರಿ ಮಾಡಿಕೊಂಡರು.

"ಹೌದ್ರೀ," ಎಂದರು. "ನಮ್ಮ ಕಡೆ ಹಂಗ ಹಿಡೀತೀವಿ. ಮೊದಲ ಹೇಳಬೇಕಾಗಿತ್ತು, ತಪ್ಪು ನಂದು."

ವೆಂಕಟಗಿರಿಯವರ ಮುಖ ಅರಳಿತು. ಒಂದೇ ರಾಜ್ಯ, ಒಂದೊಂದು ಊರಿಗೆ ಒಂದೊಂದು ಕೈ, ಪ್ರಾಮಾಣಿಕರಾದ ಇಬ್ಬರು ಹಿರಿಯರ ನಡುವೆಯೇ ಹೀಗಾದರೆ ರೈತನ ಗತಿಯೇನು, ಕೂಗುವ ದನಿಯಾದರೆ ಎಲ್ಲ ಊರಿಗೂ ಒಂದೇ ಎಂದು ಹತ್ತು ನಿಮಿಷ ಮಾತಾಡಿದರು. ತಾವು ಬರೆದು ತಂದ ಭಾಷಣದಲ್ಲಿ ಇಷ್ಟು ಒಳ್ಳೆಯ ಉದಾಹರಣೆ ಅವರಿಗೆ ಸಿಕ್ಕಿರಲಿಲ್ಲ. ಬರುವ ಯುಗಾದಿಯಿಂದ ಬಹಿರಂಗ ಹರಾಜು ಎಂದು ನಿರ್ಣಯ ಓದಿದರು. ಕೈ ಎತ್ತಿ ಎಂದಾಗ ವರ್ತಕರಲ್ಲೂ ಅರ್ಧ ಜನ ಎತ್ತಿದರು. ಹನುಮಯ್ಯ ಸಹಿಯ ಕಾಗದವನ್ನು ಯಾರಿಗೂ ಕೊಡಲಿಲ್ಲ. ಕೋಟಿನ ಒಳಜೇಬಿಗೆ ಸೇರಿಸಿಕೊಂಡ.

"ಏನ್ ಹನುಮಯ್ಯ, ಬೆಳಿಗ್ಗೆ ಕಟ್ಟಿದ್ದ ಗೋಡೇನ ಸಂಜೆ ನೀನೇ ಕೆಡವಿದ್ಯಲ್ಲ," ಎಂದು ಬಾಗಿಲಲ್ಲಿ ಒಬ್ಬ ವರ್ತಕ ಕೇಳಿದ.

"ಮಣ್ಣಿನ ಗೋಡೆ ಕಣೋ. ಬೀಳೋದೇ ಇತ್ತು," ಎಂದು ಹನುಮಯ್ಯ ಮುಂದೆ ಹೋದ.

ನಂಜುಂಡಪ್ಪ ಹೊರಗೆ ಬರುವಾಗ ಪ್ರಭಾ ಎದುರು ಬಂದಳು. "ಸಾರ್, ನಾನು ಕೇಳಿದ್ದು ತಪ್ಪಾಯ್ತಾ?"

"ನೀವೇನೂ ತಪ್ಪು ಮಾಡ್ಲಿಲ್ಲ ತಾಯಿ," ಎಂದ. ಇನ್ನೂ ಏನಾದರೂ ಹೇಳಬೇಕೆನಿಸಿತು. "ನಿಮ್ಮ ಕೈ ಚೆನ್ನಾಗಿರಲಿ," ಎಂದ. ಅವಳಿಗೆ ಅರ್ಥವಾಗಲಿಲ್ಲ. ಆದರೂ ಆಗಲಿ ಎಂಬಂತೆ ತಲೆಯಾಡಿಸಿದಳು.

ಬಸ್ಸು ನಿಲ್ಲುವಲ್ಲಿ ಸೈಟಿನ ಚಪ್ಪಡಿ ಕಲ್ಲುಗಳನ್ನು ರಾಶಿ ಹಾಕಿದ್ದರು. ಹನುಮಯ್ಯ ಅದರ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದ. ನಂಜುಂಡಪ್ಪ ಒಂದು ಮಾರು ದೂರ ಬಿಟ್ಟು ಕುಳಿತ.

"ಹಂಗೆ ಇಡಿಯೋರು ಯಾವ ಊರಲ್ಲೂ ಇಲ್ಲ," ಎಂದ ನಂಜುಂಡಪ್ಪ.

"ಇಲ್ಲ."

"ಯಾವಾಗಿಂದ ಗೊತ್ತು ನಿಂಗೆ?"

"ಪಿತೃಪಕ್ಷದ ಸಂತೆಯಿಂದ. ಹದಿನಾಲ್ಕು ಇಡಿದ್ದೆ, ನೀನು ಹನ್ನೆರಡು ಅಂದೆ. ನನಗೆ ಲಾಭವೇ ಆಯ್ತು, ಸುಮ್ಮನಿದ್ದೆ. ಮರುವಾರ ಬೇಕು ಅಂತಲೇ ಉಗುರಲ್ಲಿ ಒತ್ತಿ ನೋಡ್ದೆ. ನೀನು ಕಣ್ಣೂ ಮಿಟುಕಿಸ್ಲಿಲ್ಲ." ಎಲೆಯನ್ನು ಮಡಿಸಿ ಬಾಯಿಗೆ ಹಾಕಿಕೊಂಡ. "ಆ ರೈತನ ದುಡ್ಡು ಮನೆಗೆ ಓಗಿ ಕೊಟ್ಟು ಬಂದೆ. ಆಮೇಲಿಂದ ಮಣಿಕಟ್ಟಿನ ಮೇಲೆ ತಟ್ಟೋಕೆ ಶುರು ಮಾಡ್ದೆ."

ನಂಜುಂಡಪ್ಪ ತನ್ನ ಮಣಿಕಟ್ಟು ನೋಡಿಕೊಂಡ. ನಾಲ್ಕು ತಿಂಗಳು, ವಾರಕ್ಕೊಂದು ಸಂತೆ.

"ಏನು ಕಾಯಿಲೆ ಅಂತ ಗೊತ್ತಿದ್ದೂ ಮುಟ್ತಿದ್ದ್ಯಾ? ಎದರಿಕೆ ಆಗ್ಲಿಲ್ವಾ?"

"ಆಯ್ತು. ಸುಳ್ಯಾಕೆ ಹೇಳ್ಲಿ. ಮೊದಲನೇ ಸಲ ಮನೆಗೆ ಓಗಿ ಕೈಯನ್ನ ಸೀಗೆಪುಡಿ ಹಾಕಿ ತಿಕ್ಕಿ ತೊಳ್ಕೊಂಡೆ, ಮೂರು ಸಲ. ನಮ್ಮ ಮನೆಯೋಳು ಏನಾಯ್ತು ಅಂದ್ಲು. ಹೇಳಕ್ಕಾಗ್ಲಿಲ್ಲ. ಮರುವಾರ ಬರೀ ನೀರಲ್ಲಿ ತೊಳ್ಕೊಂಡೆ. ಆಮೇಲೆ ಬಿಟ್ಬಿಟ್ಟೆ."

ಬಸ್ಸು ಬರುವುದು ದೂರದಲ್ಲಿ ಕಂಡಿತು. ಹನುಮಯ್ಯ ಎದ್ದು ಪಂಚೆ ಕೊಡವಿಕೊಂಡ.

"ಮಾಗಡಿ ರಸ್ತೆ ಆಸ್ಪತ್ರೇಲಿ ಬೆಳಿಗ್ಗೆ ಒಂಬತ್ತಕ್ಕೆ ಚೀಟಿ ಕೊಡ್ತಾರಂತೆ. ವಿಚಾರಿಸಿದೀನಿ. ಈಗ ಮಾತ್ರೆ ಬಂದೈತಂತೆ. ನುಂಗ್ತಾ ಇದ್ರೆ ಮುಂದಕ್ಕೆ ಓಗಲ್ವಂತೆ, ಮನೇಲಿರೋರಿಗೂ ಅಂಟಲ್ವಂತೆ. ಸತ್ತಿರೋ ಬೆರಳು ಬರ‍್ತದೋ ಇಲ್ವೋ ಹೇಳಕ್ಕಾಗಲ್ಲ ಅಂದ್ರು."

"ಯಾರಾದ್ರೂ ನೋಡ್ತಾರೆ."

"ನೋಡ್ತಾರೆ. ನನ್ನೂ ನೋಡ್ತಾರೆ. ನಾಳೆಗೂ ಬ್ಯಾಡ್ಜು ಚುಚ್ಕೊಂಡು ಬಾ. ಸಮ್ಮೇಳನಕ್ಕೆ ಓಗ್ತಾ ಇದೀವಿ ಅನ್ಕೊಳ್ಲಿ."

ಮನೆಗೆ ಬಂದು ನಂಜುಂಡಪ್ಪ ಕಾಲು ತೊಳೆದುಕೊಂಡು ಜಗಲಿಯಲ್ಲಿ ಕುಳಿತ. ಪಾಪಮ್ಮ ನೀರಿನ ಚೊಂಬನ್ನು ಎಡಗಡೆಗೆ ಇಟ್ಟಳು.

"ನಾಳೆ ಸಮ್ಮೇಳನಕ್ಕೆ ಓಗಲ್ಲ. ಆಸ್ಪತ್ರೆಗೆ ಓಗ್ತೀನಿ."

ಯಾವ ಆಸ್ಪತ್ರೆ ಎಂದು ಅವಳು ಕೇಳಲಿಲ್ಲ. ಸೆರಗಿನಿಂದ ಒಮ್ಮೆ ಮುಖ ಒರೆಸಿಕೊಂಡಳು. "ಹನುಮಯ್ಯನೋರೂ ಬತ್ತಾರಾ?" ಎಂದಳು.

"ನಿಂಗೆ ಹೆಂಗೆ ಗೊತ್ತು?"

"ಹಂಗೆ ಕೇಳ್ದೆ. ಇಬ್ಬರಿಗೂ ಮೊಸರನ್ನ ಕಟ್ಟಿಕೊಡ್ತೀನಿ."

ಮರುದಿನ ಒಂಬತ್ತು ಗಂಟೆಗೆ ಇಬ್ಬರೂ ಸೌದೆ ಡಿಪೋದ ಎದುರು ಬಸ್ಸಿಳಿದರು. ಗೇಟಿನ ಒಳಗೆ ಹೊಂಗೆ ಮರದ ಕೆಳಗೆ ಉದ್ದನೆಯ ಬೆಂಚು. ಕಾಯುತ್ತಿದ್ದವರು ಒಬ್ಬರಿಗೊಬ್ಬರು ಜಾಗ ಬಿಟ್ಟು ಕೂತಿದ್ದರು. ಹನುಮಯ್ಯ ಬೆಂಚಿನ ಮೇಲೆ ನಂಜುಂಡಪ್ಪನ ಪಕ್ಕದಲ್ಲೇ, ಭುಜಕ್ಕೆ ಭುಜ ತಾಗುವಂತೆ ಕುಳಿತು ಬುತ್ತಿಯನ್ನು ತೊಡೆಯ ಮೇಲೆ ಇಟ್ಟುಕೊಂಡ. ಇಬ್ಬರ ಅಂಗಿಯ ಮೇಲೂ ಸಮ್ಮೇಳನದ ಬ್ಯಾಡ್ಜು ಇತ್ತು. ಎದುರು ಕೂತ ಮುದುಕಿಯೊಬ್ಬಳು ಅದನ್ನು ನೋಡಿ, ದೊಡ್ಡ ಅಧಿಕಾರಿಗಳೆಂದು ಎದ್ದು ನಿಂತಳು. ಹನುಮಯ್ಯ, "ಕೂತ್ಕೋ ತಾಯಿ, ನಾವು ಬೆಲ್ಲದೋರು," ಎಂದ.

ಡಾಕ್ಟರು ಚಿಕ್ಕ ವಯಸ್ಸಿನವರು. ಮಚ್ಚೆ ನೋಡಿದರು, ಮೊಣಕೈಯ ನರ ಒತ್ತಿ ನೋಡಿದರು, ಕೈಯನ್ನು ತಮ್ಮ ಕೈಯಲ್ಲೇ ಹಿಡಿದು ತಿರುಗಿಸಿ ನೋಡಿದರು. ನಂಜುಂಡಪ್ಪ ಕೈ ಎಳೆದುಕೊಳ್ಳಲು ಹೋದ. ಅವರು ಬಿಡಲಿಲ್ಲ.

"ಹೆಗಲ ಮೇಲಿನ ಟವಲು ಕಣ್ಣಿಗೆ ಹಾಕ್ಕೊಳ್ಳಿ. ನಾನು ಹತ್ತಿಯಲ್ಲಿ ಮುಟ್ತಾ ಹೋಗ್ತೀನಿ. ಎಲ್ಲಿ ಮುಟ್ದೆ ಅಂತ ಹೇಳಬೇಕು. ಅಷ್ಟೆ."

ನಂಜುಂಡಪ್ಪ ಟವಲನ್ನು ಕಣ್ಣಿಗೆ ಸುತ್ತಿಕೊಂಡು ಬಲಗೈ ಚಾಚಿದ. ಟವಲಿನಲ್ಲಿ ಬೆಲ್ಲದ ವಾಸನೆ ಇತ್ತು.

"ಈಗ ಹೇಳಿ."

"ನಡುಬೆರಳು," ಎಂದ.

"ನಾನಿನ್ನೂ ಮುಟ್ಟೇ ಇಲ್ಲ," ಎಂದರು ಡಾಕ್ಟರು. ಅದು ಬೈಯುವ ದನಿಯಾಗಿರಲಿಲ್ಲ. "ಇಲ್ಲಿ ಅಂದಾಜು ಬೇಡ ಯಜಮಾನರೇ. ತಪ್ಪು ಹೇಳಿದರೆ ಔಷಧಿ ತಪ್ಪಾಗುತ್ತೆ. ಈಗ?"

ಕತ್ತಲೆಯಲ್ಲಿ ನೋಡಲು ಮುಖವಿರಲಿಲ್ಲ, ಭುಜವಿರಲಿಲ್ಲ, ತುಟಿಯಿರಲಿಲ್ಲ. ಅವನು ಕಾದ.

"ಗೊತ್ತಾಗಲ್ಲ," ಎಂದ.

"ಈಗ?"

"ಗೊತ್ತಾಗಲ್ಲ."

"ಈಗ?"

"ಇಲ್ಲ."

ಎಷ್ಟು ಸಲ ಹೇಳಿದನೋ ಅವನಿಗೆ ನೆನಪಿಲ್ಲ. ಪ್ರತಿ ಸಲವೂ ಡಾಕ್ಟರು ಸರಿ ಎನ್ನುತ್ತಿದ್ದರು, ಪೆನ್ಸಿಲ್ಲು ಕಾಗದದ ಮೇಲೆ ಓಡುವ ಸದ್ದು ಕೇಳುತ್ತಿತ್ತು. ಬಾಗಿಲ ಹೊರಗೆ ಹನುಮಯ್ಯ ಯಾರಿಗೋ ಈ ವರ್ಷದ ಕಬ್ಬಿನ ವಿಷಯ ಹೇಳುತ್ತಿದ್ದ. ಆಮೇಲೆ ಅಂಗೈ ದಾಟಿ ಮಣಿಕಟ್ಟಿನ ಮೇಲೆ, ಸಂತೆಸಂತೆಗೂ ತಟ್ಟಿಸಿಕೊಂಡ ಜಾಗದಲ್ಲಿ, ಏನೋ ಹಗುರವಾಗಿ ತಾಗಿತು.

"ಅಲ್ಲಿ," ಎಂದ ನಂಜುಂಡಪ್ಪ. "ಅಲ್ಲಿ ಗೊತ್ತಾಯ್ತು ಸ್ವಾಮಿ."